ಚೆಲ್ಲಿದ ಮಸಿಯಲ್ಲಿ ಬೆಟ್ಟ ಕಂಡರೆ

ಪ್ರಶ್ನೆ: ನಾನು ನಿವೃತ್ತ ಪ್ರೌಢಶಾಲಾ ಶಿಕ್ಷಕ. ನಾಲ್ಕು ವರ್ಷಗಳಿಂದ ಚೀನಾ ಮತ್ತು ಜಪಾನಿನ ಮಾದರಿಯ ಮಸಿಯ ನಿಸರ್ಗಚಿತ್ರಗಳನ್ನು ಅಭ್ಯಾಸ ಮಾಡುತ್ತಿದ್ದೇನೆ. ಕಳೆದ ಮಳೆಗಾಲದಲ್ಲಿ, ಒದ್ದೆ ಮಾಡಿಟ್ಟಿದ್ದ ಕಾಗದದ ಮೇಲೆ ಮಸಿಯ ಬಟ್ಟಲು ಕೈತಪ್ಪಿ ಮಗುಚಿಕೊಂಡಿತು. ಹರಡಿದ ಕಲೆಯಲ್ಲಿ ಮಂಜು ಕವಿದ ಗುಡ್ಡವೊಂದು ಕಂಡಂತಾಗಿ, ಅದರ ಬುಡದಲ್ಲಿ ಒಂದು ಮನೆಯ ಮಾಡು, ಎರಡು ಮರ ಎಳೆದು ಬಿಟ್ಟೆ. ನನ್ನ ಚಿತ್ರಗಳಲ್ಲೆಲ್ಲ ಅದೇ ಚೆನ್ನಾಗಿದೆ ಎಂದು ನೋಡಿದವರು ಹೇಳುತ್ತಾರೆ. ಅಲ್ಲಿಂದೀಚೆಗೆ ಬೇಕೆಂದೇ ಮಸಿ ಚೆಲ್ಲಿ ಮೂವತ್ತು ಹಾಳೆ ಕೆಡಿಸಿದ್ದೇನೆ. ಒಂದೂ ಹಾಗೆ ಬರಲಿಲ್ಲ. ಆ ಚಿತ್ರ ನಿಜವಾಗಿಯೂ ನನ್ನದೇ? ಆಕಸ್ಮಿಕವನ್ನು ಬಳಸಿಕೊಳ್ಳಲು ಕ್ರಮವೇನಾದರೂ ಇದೆಯೇ? ಇನ್ನೊಂದು ಸಣ್ಣ ವಿಷಯ: ಆ ಹಾಳೆ ಒಣಗಿ ಸುಕ್ಕುಗಟ್ಟಿದೆ. ಸರಿಪಡಿಸುವುದು ಹೇಗೆ?

ಉತ್ತರ: ಆ ಚಿತ್ರ ನಿಮ್ಮದೇ. ಬಟ್ಟಲು ನಿಮ್ಮ ಕೈಯಿಂದ ಮಗುಚಿತು ಎಂಬ ಕಾರಣಕ್ಕೆ ನಾನು ಹೀಗೆನ್ನುತ್ತಿಲ್ಲ. ಬೆಕ್ಕು ಮಗುಚಿದ್ದರೂ ಇದೇ ಮಾತು ಹೇಳುತ್ತಿದ್ದೆ. ನಿಮ್ಮ ಪತ್ರದಲ್ಲಿ ನನ್ನ ಗಮನ ಸೆಳೆದದ್ದು “ಒಂದು ಮನೆಯ ಮಾಡು, ಎರಡು ಮರ ಎಳೆದು ಬಿಟ್ಟೆ” ಎಂಬ ಸಾಲು. ಹರಡಿದ ಮಸಿಯನ್ನು ನೋಡಿ, ಅದರಲ್ಲಿ ಗುಡ್ಡವನ್ನು ಗುರುತಿಸಿ, ಇನ್ನೆಷ್ಟು ಗೆರೆ ಸಾಕೆಂದು ತೀರ್ಮಾನಿಸಿ ಕುಂಚ ಕೆಳಗಿಟ್ಟಿರಲ್ಲ, ಚಿತ್ರ ಹುಟ್ಟಿದ್ದು ಆ ಕೆಲವು ನಿಮಿಷಗಳಲ್ಲಿ. ಆಮೇಲಿನ ಮೂವತ್ತು ಹಾಳೆಗಳಲ್ಲಿ ನೀವು ಚೆಲ್ಲುವುದನ್ನು ಮತ್ತೆ ಮತ್ತೆ ಮಾಡಿದಿರಿ, ನೋಡುವುದನ್ನು ಮಾಡಲಿಲ್ಲ ಎಂದು ನನ್ನ ಊಹೆ. ಯಾವ ಗುಡ್ಡ ಬರಬೇಕೆಂಬುದು ಚೆಲ್ಲುವ ಮೊದಲೇ ನಿಮ್ಮ ಮನಸ್ಸಿನಲ್ಲಿತ್ತು. ಬಂದದ್ದು ಆ ಗುಡ್ಡವಲ್ಲದ್ದರಿಂದ ಹಾಳೆ ಕೆಟ್ಟಿತೆಂದು ಪಕ್ಕಕ್ಕೆ ಹಾಕಿದಿರಿ. ಆ ಮೂವತ್ತನ್ನು ಎಸೆದಿಲ್ಲವಾದರೆ ದಯವಿಟ್ಟು ಎಸೆಯಬೇಡಿ, ಅವುಗಳ ಮಾತು ಮುಂದೆ ಬರುತ್ತದೆ.

ಬಟ್ಟೆಯ ಮೇಲೆ ಬಿದ್ದ ಗುರುತಿಗೂ ಚಿತ್ರ-ಶಿಲ್ಪ-ಸಂಗೀತಗಳಿಗೂ ಕನ್ನಡದಲ್ಲಿ ‘ಕಲೆ’ ಎಂಬ ಒಂದೇ ರೂಪವಿದೆ. ಎರಡೂ ಬೇರೆ ಬೇರೆ ಮೂಲದಿಂದ ಬಂದು ಇಲ್ಲಿ ಕೂಡಿಕೊಂಡ ಪದಗಳು. ಹೀಗೆ ಕೂಡಿಕೊಂಡದ್ದೂ ಒಂದು ಆಕಸ್ಮಿಕವೇ. ಒಂದು ಕಲೆ ಇನ್ನೊಂದು ಕಲೆಯಾಗುವುದು ಯಾವಾಗ ಎಂಬ ನಿಮ್ಮ ಪ್ರಶ್ನೆಯ ಮೇಲೆ ಚೀನಾದಲ್ಲಿ ಸಾವಿರದ ಇನ್ನೂರು ವರ್ಷಗಳಷ್ಟು ಹಿಂದೆಯೇ ವಾದ ನಡೆದಿದೆ.

ತಾಂಗ್ ರಾಜವಂಶದ ಕಾಲದಲ್ಲಿ, ಎಂಟನೆಯ ಶತಮಾನದ ಕೊನೆಯ ಭಾಗದಲ್ಲಿ, ವಾಂಗ್ ಮೋ ಎಂಬ ಚಿತ್ರಕಾರನಿದ್ದ. ‘ಮೋ’ ಎಂದರೆ ಮಸಿ; ಜನ ಅವನನ್ನು ಮಸಿಯ ವಾಂಗ್ ಎಂದೇ ಕರೆಯುತ್ತಿದ್ದರು. ಕುಡಿದು ಅಮಲೇರಿದ ಮೇಲೆ ರೇಷ್ಮೆಯ ಮೇಲೆ ಮಸಿ ಎರಚಿ, ನಗುತ್ತ ಹಾಡುತ್ತ ಕಾಲಿನಿಂದ ತುಳಿದು ಕೈಯಿಂದ ಬಳಿದು, ಮೂಡಿದ ಆಕಾರವನ್ನು ಅನುಸರಿಸಿ ಅದನ್ನು ಬೆಟ್ಟವೋ ಬಂಡೆಯೋ ಮೋಡವೋ ನೀರೋ ಆಗಿಸುತ್ತಿದ್ದನೆಂದು ಒಂಬತ್ತನೆಯ ಶತಮಾನದ ವಿಮರ್ಶಕ ಝೂ ಜಿಂಗ್‌ಶ್ವಾನ್ ದಾಖಲಿಸಿದ್ದಾನೆ. ಈ ಪ್ರಸಂಗವನ್ನು ಹೇಳುವವರು ಸಾಮಾನ್ಯವಾಗಿ ಕುಡಿತ ಮತ್ತು ಕುಣಿತದವರೆಗೆ ಬಂದು ನಿಲ್ಲಿಸುತ್ತಾರೆ. ಮುಂದಿನ ಮಾತು ಅದಕ್ಕಿಂತ ಮುಖ್ಯವಾದದ್ದು: ಮುಗಿದ ಚಿತ್ರವನ್ನು ಬಗ್ಗಿ ನೋಡಿದರೂ ಮಸಿ ಚೆಲ್ಲಿದ ಕುರುಹು ಕಾಣುತ್ತಿರಲಿಲ್ಲವಂತೆ. ಎರಚಿದ್ದೆಲ್ಲ ಬೆಟ್ಟವಾಗಿ, ನೀರಾಗಿ ಕರಗಿಹೋಗಿರುತ್ತಿತ್ತು ಎಂಬುದೇ ಅವನಿಗೆ ಸಂದ ಹೊಗಳಿಕೆ. ಝೂ ಅವನನ್ನು ಮಾಮೂಲಿ ದರ್ಜೆಗಳ ಹೊರಗೆ, ಕಟ್ಟಳೆಗೆ ಸಿಗದವರ ಪ್ರತ್ಯೇಕ ಪಂಕ್ತಿಯಲ್ಲಿ ಕೂರಿಸಿದ.

ಹೆಚ್ಚುಕಡಿಮೆ ಅದೇ ಕಾಲದಲ್ಲಿ, 847ರಲ್ಲಿ, ಚೀನೀ ಚಿತ್ರಕಲೆಯ ಮೊದಲ ದೊಡ್ಡ ಇತಿಹಾಸವನ್ನು ಬರೆದ ಝಾಂಗ್ ಯಾನ್‌ಯುಆನ್ ಇದನ್ನು ಒಪ್ಪಲಿಲ್ಲ. ಒದ್ದೆ ರೇಷ್ಮೆಯ ಮೇಲೆ ಬಿಳಿಯ ಪುಡಿ ಉದುರಿಸಿ, ಬಾಯಿಂದ ಊದಿ ಮೋಡ ಮಾಡುವ ಒಂದು ತಂತ್ರ ಆಗ ಇತ್ತು. ಅದು ಎಷ್ಟೇ ಸೊಗಸಾಗಿ ಕಂಡರೂ ಅಲ್ಲಿ ಕುಂಚದ ಗುರುತಿಲ್ಲ, ಆದ್ದರಿಂದ ಅದನ್ನು ಚಿತ್ರವೆನ್ನಲಾಗದು, ಮಸಿ ಎರಚುವವರ ಕೆಲಸವೂ ಹಾಗೆಯೇ, ಅನುಕರಿಸತಕ್ಕದ್ದಲ್ಲ ಎಂದು ಅವನು ಬರೆದ. ಝಾಂಗ್ ಹೇಳಿದ್ದರಲ್ಲಿ ಅರ್ಧ ಸರಿಯಿದೆ ಎಂದು ನನಗನ್ನಿಸುತ್ತದೆ. ಕೈಯ ತೀರ್ಮಾನ ಎಲ್ಲಿಯೂ ಕಾಣದ ಕಲೆ ನೋಡಲು ಎಷ್ಟು ಚೆಂದವಿದ್ದರೂ ಅಮೃತಶಿಲೆಯ ಗೆರೆಗಳಂತೆ ನಿಸರ್ಗದ ಪಾಲಿಗೆ ಸೇರುತ್ತದೆ. ಆದರೆ ಮಸಿ ಎರಚಿದವನು ಎರಚಿ ಎದ್ದುಹೋಗುತ್ತಿರಲಿಲ್ಲ, ಬಳಿಕ ಕೂತು ಕುಂಚದ ಕೆಲಸ ಮಾಡುತ್ತಿದ್ದ ಎಂಬುದನ್ನು ಅವನು ಲೆಕ್ಕಕ್ಕೆ ಹಿಡಿಯಲಿಲ್ಲ.

ನೋಡುವುದನ್ನು ಕಲಿಯುವ ಬಗೆ ಹೇಗೆಂಬುದಕ್ಕೆ ನನಗೆ ಗೊತ್ತಿರುವ ಅತ್ಯುತ್ತಮ ಪಾಠ ಹನ್ನೊಂದನೆಯ ಶತಮಾನದ ಸೊಂಗ್ ದೀ ಎಂಬ ಅಧಿಕಾರಿ-ಚಿತ್ರಕಾರನದು. ಅದನ್ನು ಬರೆದಿಟ್ಟವನು ಅದೇ ಕಾಲದ ಬಹುಶ್ರುತ ವಿದ್ವಾಂಸ ಶೆನ್ ಕ್ವೊ. ಚೆನ್ ಯೊಂಗ್‌ಝಿ ಎಂಬ ಚಿತ್ರಕಾರನ ಬೆಟ್ಟಗುಡ್ಡಗಳನ್ನು ನೋಡಿದ ಸೊಂಗ್ ದೀ, ಕೈಚಳಕವೇನೋ ಇದೆ, ಸಹಜತೆ ಸಾಲದು ಎಂದನಂತೆ. ಪರಿಹಾರವಾಗಿ ಅವನು ಸೂಚಿಸಿದ್ದು ಇಷ್ಟು: ಕುಸಿದು ಹಾಳಾದ ಒಂದು ಗೋಡೆಯನ್ನು ಹುಡುಕು, ಅದರ ಮೇಲೆ ತೆಳುವಾದ ಬಿಳಿ ರೇಷ್ಮೆಯನ್ನು ಇಳಿಬಿಡು, ಬೆಳಿಗ್ಗೆ ಸಂಜೆ ಅದನ್ನೇ ನೋಡುತ್ತಿರು. ನೋಡಿ ನೋಡಿ ಕಣ್ಣು ಪಳಗಿದಾಗ ರೇಷ್ಮೆಯ ಆಚೆಗಿನ ಉಬ್ಬುತಗ್ಗುಗಳು ಬೆಟ್ಟ-ನೀರುಗಳ ರೂಪ ತಳೆಯುತ್ತವೆ. ಎತ್ತರದ್ದು ಶಿಖರ, ತಗ್ಗಿನದು ನೀರು, ಗುಳಿಬಿದ್ದದ್ದು ಕಣಿವೆ, ಬಿರುಕು ತೊರೆ, ಎದ್ದು ಕಾಣುವುದು ಹತ್ತಿರದ್ದು, ಮಸುಕಾದದ್ದು ದೂರದ್ದು. ಅಲ್ಲಿ ಮನುಷ್ಯರು, ಹಕ್ಕಿಗಳು, ಗಿಡಮರಗಳು ಓಡಾಡುವುದು ಕಂಡ ಮೇಲೆ ಕುಂಚ ತನ್ನಷ್ಟಕ್ಕೆ ಚಲಿಸಲಿ. ಚೆನ್ ಹಾಗೆಯೇ ಮಾಡಿದ, ಅವನ ಚಿತ್ರ ಸುಧಾರಿಸಿತು ಎಂದು ಶೆನ್ ಕ್ವೊ ಮುಗಿಸುತ್ತಾನೆ.

ರೇಷ್ಮೆಯನ್ನು ಇಳಿಬಿಟ್ಟದ್ದೇಕೆಂದು ನಾನು ಬಹಳ ದಿನ ಯೋಚಿಸಿದ್ದೇನೆ. ಬರಿಯ ಗೋಡೆಯನ್ನು ನೋಡಿದರೆ ಸಾಲದೇ? ಬರಿಗಣ್ಣಿಗೆ ಗೋಡೆಯ ಎಲ್ಲ ವಿವರಗಳೂ ಒಂದೇ ಬಲದಲ್ಲಿ ಕಾಣುತ್ತವೆ: ಇಟ್ಟಿಗೆ, ಗಾರೆ, ಪಾಚಿ, ಜೇಡನ ಬಲೆ. ಅವೆಲ್ಲ ತಮ್ಮ ಹೆಸರಿನೊಂದಿಗೇ ಕಾಣುತ್ತವೆ. ತೆಳು ಬಟ್ಟೆ ಆ ಹೆಸರುಗಳನ್ನು ಅಳಿಸಿ ನೆರಳು-ಬೆಳಕನ್ನಷ್ಟೇ ಉಳಿಸುತ್ತದೆ. ಪ್ರಯೋಗವಾಗಿ ಮಾಡಿನೋಡಿ, ಮಲೆನಾಡಿನ ಮಳೆಗೆ ಪಾಚಿಗಟ್ಟಿದ ಜಂಬಿಟ್ಟಿಗೆಯ ಗೋಡೆಗೆ ಹಳೆಯ ಬಿಳಿ ಪಂಚೆಯೊಂದನ್ನು ಹೊದಿಸಿದರೆ ಸಾಕು. ಒಂದೇ ದಿನಕ್ಕೆ ಏನೂ ಕಾಣಲಿಲ್ಲವೆಂದು ಬಿಡಬಾರದು. ಸೊಂಗ್ ದೀ ‘ಬೆಳಿಗ್ಗೆ ಸಂಜೆ’ ಎಂದದ್ದು ಅದಕ್ಕೇ. ಓರೆ ಬೆಳಕಿನಲ್ಲಿ ಅದೇ ಗೋಡೆ ಬೇರೆಯಾಗಿರುತ್ತದೆ.

ಸುಮಾರು ನಾಲ್ಕು ಶತಮಾನಗಳ ಬಳಿಕ ಇಟಲಿಯ ಲಿಯೊನಾರ್ಡೊ ದ ವಿಂಚಿ ಇದೇ ಮಾತನ್ನು ಬರೆದಿದ್ದಾನೆ. ಕಲೆಬಿದ್ದ ಗೋಡೆಗಳಲ್ಲಿ ಬೆಟ್ಟ, ನದಿ, ಯುದ್ಧಗಳನ್ನು ಕಾಣಬಹುದೆಂದು ಶಿಷ್ಯರಿಗೆ ಹೇಳಿದ ಅವನೇ, ಬಣ್ಣದಲ್ಲಿ ಅದ್ದಿದ ಸ್ಪಂಜನ್ನು ಗೋಡೆಗೆ ಎಸೆದರೆ ನಿಸರ್ಗಚಿತ್ರ ಸಿದ್ಧ ಎಂದು ಹಗುರವಾಗಿ ಮಾತನಾಡಿದ ಚಿತ್ರಕಾರ ಬಾಟಿಚೆಲ್ಲಿಯನ್ನು ಟೀಕಿಸಿದ. ಅಂತಹ ಬಣ್ಣದ ಕಲೆಯಲ್ಲಿ ಏನನ್ನು ಬೇಕಾದರೂ ಕಾಣಬಹುದು, ಆದರೆ ಅದನ್ನು ಪೂರ್ತಿಗೊಳಿಸುವುದನ್ನು ಆ ಕಲೆ ಕಲಿಸುವುದಿಲ್ಲ ಎಂಬುದು ಲಿಯೊನಾರ್ಡೊನ ವಾದ. ಸೊಂಗ್ ದೀ, ಲಿಯೊನಾರ್ಡೊ ಇಬ್ಬರ ನಡುವೆ ಸಂಪರ್ಕವಿರುವ ಸಾಧ್ಯತೆಯನ್ನು ಹುಡುಕುವ ಅಗತ್ಯ ನನಗೆ ಕಾಣುವುದಿಲ್ಲ. ಮೋಡದಲ್ಲಿ ಆನೆ ಕಾಣುವ ಮಗು ಎಲ್ಲ ದೇಶಗಳಲ್ಲೂ ಇರುತ್ತದೆ.

ಈಗ ಸಾಮಗ್ರಿಯ ವಿಚಾರ. ಆಕಸ್ಮಿಕಕ್ಕೆ ಎಡೆಯಿಲ್ಲದ ಕಾಗದ-ಮಸಿಗಳನ್ನು ಬಳಸಿ ಆಕಸ್ಮಿಕಕ್ಕಾಗಿ ಕಾಯುವವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಅಂಗಡಿಗಳಲ್ಲಿ ಸಿಗುವ ಡ್ರಾಯಿಂಗ್ ಹಾಳೆಗೆ ನೀರು ಬೇಗ ಒಳಗಿಳಿಯದಂತೆ ಅಂಟಿನ ಲೇಪವಿರುತ್ತದೆ. ಅದರ ಮೇಲೆ ಮಸಿ ನಿಂತು, ಅಂಚುಗಟ್ಟಿ ಒಣಗುತ್ತದೆ. ಚೀನಾದ ಆನ್‌ಹುಯಿ ಪ್ರಾಂತದ ಶ್ವಾನ್ ಕಾಗದವನ್ನು ಚಿಂಗ್‌ತಾನ್ ಎಂಬ ಮರದ ತೊಗಟೆಯ ನಾರಿಗೆ ಭತ್ತದ ಹುಲ್ಲಿನ ನಾರು ಬೆರೆಸಿ ತಯಾರಿಸುತ್ತಾರೆ. ಅದರಲ್ಲಿ ಎರಡು ಬಗೆ. ಪಟಿಕ ಮತ್ತು ಅಂಟು ಹಾಕಿದ್ದು ‘ಬೆಂದ’ ಕಾಗದ, ಹಾಕದಿರುವುದು ‘ಹಸಿ’ ಕಾಗದ. ನಿಮಗೆ ಬೇಕಾದದ್ದು ಹಸಿಯದು. ನಮ್ಮಲ್ಲಿ ಇದನ್ನು ರೈಸ್ ಪೇಪರ್ ಎಂದು ಮಾರುತ್ತಾರೆ. ಆ ಹೆಸರಿನಲ್ಲಿ ಬರುವುದೆಲ್ಲ ಹಸಿಯಾಗಿರುವುದಿಲ್ಲವಾದ್ದರಿಂದ ಒಂದು ಹನಿ ನೀರು ಬಿಟ್ಟು, ಅದು ಕೂಡಲೇ ಹರಡುತ್ತದೆಯೇ ಎಂದು ನೋಡಿಕೊಳ್ಳುವುದು ಲೇಸು.

ಮಸಿಯ ಮಾತೂ ಹೀಗೆಯೇ. ಒಲೆಯ ಮೇಲಿನ ಮಸಿಗೂ ಬರೆಯುವ ಮಸಿಗೂ ನಾವು ಒಂದೇ ಪದ ಬಳಸುತ್ತೇವೆ. ಚೀನೀ ಮಸಿಯ ಕಡ್ಡಿಯೂ ಪೈನ್ ಮರದ ಅಥವಾ ಎಣ್ಣೆ ದೀಪದ ಹೊಗೆಯಿಂದ ಹಿಡಿದ ಮಸಿಯನ್ನು ಪ್ರಾಣಿಗಳ ಚರ್ಮ, ಮೂಳೆಗಳಿಂದ ತೆಗೆದ ಅಂಟಿನಲ್ಲಿ ಕಲಸಿ ಮಾಡಿದ್ದೇ. ಅದನ್ನು ಕಲ್ಲಿನ ಮೇಲೆ ನೀರು ಹಾಕಿ ತೇಯ್ದು ಹಸಿ ಕಾಗದಕ್ಕೆ ತಾಕಿಸಿದರೆ, ನೀರು ನಾರುಗಳ ಸಂದಿಯಲ್ಲಿ ಮುಂದಕ್ಕೆ ಓಡುತ್ತದೆ, ಮಸಿಯ ಕಣಗಳು ದಾರಿಯಲ್ಲಿ ಸಿಕ್ಕಿಕೊಂಡು ಹಿಂದೆ ಉಳಿಯುತ್ತವೆ. ನಡುವೆ ಕಪ್ಪು, ಹೊರಗೆ ಬೂದು, ಅದರಾಚೆ ನೀರು ಮಾತ್ರ ತಲುಪಿದ ಮಸುಕು ಅಂಚು. ಹಸಿಯಾಗಿರುವ ಎರಡು ಗುರುತುಗಳು ಒಂದನ್ನೊಂದು ಮುಟ್ಟಿದಲ್ಲಿ ನಡುವೆ ತೆಳ್ಳಗಿನ ಬಿಳಿ ಗಡಿ ಉಳಿಯುವುದುಂಟು. ಬೆಟ್ಟದ ನಿಜವಾದ ಮೈಯನ್ನು ಕೊರೆದದ್ದೂ ನೀರಿನ ಹರಿವೇ ಆಗಿರುವುದರಿಂದ, ಇಲ್ಲಿ ಹರಿದ ನೀರಿನ ಗುರುತು ನಮ್ಮ ಕಣ್ಣಿಗೆ ಬೆಟ್ಟದಂತೆ ಕಾಣುವುದರಲ್ಲಿ ಅಷ್ಟೇನೂ ಮಾಯೆಯಿಲ್ಲ. ಮನುಷ್ಯನ ಮುಖವನ್ನು ಹೀಗೆ ಆಕಸ್ಮಿಕದಿಂದ ಎತ್ತಿಕೊಳ್ಳುವುದು ಕಷ್ಟ. ಮೂಗು ಒಂದೆಳೆ ಆಚೀಚೆಯಾದರೂ ಕೆಟ್ಟಿತು. ಬೆಟ್ಟದ ಭುಜ ಒಂದಂಗುಲ ಸರಿದರೆ ಅದು ಇನ್ನೊಂದು ಬೆಟ್ಟವಾಗುತ್ತದೆ, ಅಷ್ಟೇ. ಇಂಡಿಯನ್ ಇಂಕ್ ಎಂಬ ಹೆಸರಿನಲ್ಲಿ ಬಾಟಲಿಯಲ್ಲಿ ಸಿಗುವ ಮಸಿಗಳಲ್ಲಿ ಹಲವಕ್ಕೆ ಅರಗು ಬೆರೆಸಿರುತ್ತಾರೆ. ಗೆರೆ ಎಳೆಯಲು ಅವು ಚೆನ್ನ, ನೀರಿನೊಂದಿಗೆ ಹೀಗೆ ಬೆರೆತು ಹರಿಯಲು ಅಷ್ಟಾಗಿ ಒಗ್ಗುವುದಿಲ್ಲ.

ಎಷ್ಟು ಗೆರೆ ಸಾಕೆಂಬುದಕ್ಕೆ ಒಂದು ಚಿತ್ರವನ್ನು ಎದುರಿಗಿಟ್ಟುಕೊಳ್ಳೋಣ. ಜಪಾನಿನ ಝೆನ್ ಸಂನ್ಯಾಸಿ ಸೆಸ್ಶೂ 1495ರಲ್ಲಿ, ಎಪ್ಪತ್ತೈದು ದಾಟಿದ ವಯಸ್ಸಿನಲ್ಲಿ, ಊರಿಗೆ ಮರಳುತ್ತಿದ್ದ ಶಿಷ್ಯ ಸೋಯೆನ್‌ಗೆ ಬರೆದುಕೊಟ್ಟ ಚಿತ್ರವಿದು. ಈಗ ಟೋಕಿಯೊ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ನೀಳವಾದ ಸುರುಳಿಯ ಮೇಲ್ಭಾಗದಲ್ಲಿ ಸೆಸ್ಶೂನ ಬರಹ, ಆರು ಸಂನ್ಯಾಸಿಗಳ ಪದ್ಯಗಳು; ಚಿತ್ರವಿರುವುದು ಕೆಳಗೆ. ಹಿಂದೆ ತೆಳುಬೂದಿಯ ಎತ್ತರದ ಛಾಯೆ, ಅದರ ಮುಂದೆ ಒದ್ದೆಯಾಗಿ ಬಿದ್ದ ನಡುಬಣ್ಣ, ಅದು ಆರುವ ಮೊದಲೇ ಬಿದ್ದ ಕಡುಗಪ್ಪಿನ ಕೆಲವು ಹೊಡೆತಗಳು. ಇಷ್ಟನ್ನೇ ನೋಡಿದರೆ ಮಸಿ ಚೆಲ್ಲಿದಂತೆಯೇ ಇದೆ. ಬುಡಕ್ಕೆ ಕಣ್ಣು ಹಾಯಿಸಿದರೆ ಒಂದು ಮಾಡಿನ ಇಳಿಜಾರು, ಹೆಂಡದಂಗಡಿಯ ಬಾವುಟದ ಕೋಲು, ಬಲಕ್ಕೆ ನೀರಿನಲ್ಲಿ ದೋಣಿ, ಅದರಲ್ಲಿ ಇಬ್ಬರು. ಎಲ್ಲ ಸೇರಿ ಬೆರಳೆಣಿಕೆಯ ಒಣ ಗೆರೆಗಳು. ದೋಣಿಯನ್ನು ಹೆಬ್ಬೆರಳಿನಿಂದ ಮುಚ್ಚಿ ನೋಡಿ: ಕೆಳಗಿನ ಬಿಳಿಯ ಜಾಗ ಬರಿಯ ಕಾಗದವಾಗಿಬಿಡುತ್ತದೆ. ತೆರೆದರೆ ಮತ್ತೆ ನೀರು. ಮಾಡನ್ನು ಮುಚ್ಚಿದರೆ ಬೆಟ್ಟದ ಎತ್ತರವೆಷ್ಟೆಂದು ಹೇಳಲಾಗುವುದಿಲ್ಲ. ಇಡೀ ಕಲೆಗೆ ಅಳತೆ, ಸ್ಥಳ, ದೂರ ಒದಗಿಸುವುದಕ್ಕೆ ಆ ಗೆರೆಗಳು ಬೇಕಾದವು. ಅದಕ್ಕಿಂತ ಒಂದು ಹೆಚ್ಚಿಲ್ಲ. ನೀವು ತಿಳಿಯದೆಯೇ ಮಾಡು ಮತ್ತು ಮರಗಳಿಂದ ಮಾಡಿದ್ದೂ ಇದನ್ನೇ.

ಈ ಚಿತ್ರದ ಹೆಸರಿನ ಬಗ್ಗೆ ಗೊಂದಲವಾಗದಿರಲೆಂದು ಒಂದು ಮಾತು. ಚೀನೀ ಭಾಷೆಯಲ್ಲಿ ಸ್ವರದ ಏರಿಳಿತವೊಂದನ್ನು ಬಿಟ್ಟರೆ ‘ಪೋ ಮೋ’ ಎಂದು ಒಂದೇ ಬಗೆಯಾಗಿ ಕೇಳಿಸುವ ಎರಡು ಪದಗಳಿವೆ: ಒಂದು ಎರಚಿದ ಮಸಿ, ಇನ್ನೊಂದು ಒಡೆದ ಮಸಿ, ಅಂದರೆ ತೆಳು ಮಸಿ ಆರುವ ಮೊದಲೇ ಅದರೊಳಗೆ ಗಾಢ ಮಸಿಯನ್ನು ಬಿಟ್ಟು ಅದನ್ನು ‘ಒಡೆಯುವುದು’. ಜಪಾನಿನಲ್ಲಿ ಮೊದಲನೆಯದು ಹತ್ಸುಬೋಕು, ಎರಡನೆಯದು ಹಬೋಕು. ಸೆಸ್ಶೂನ ಚಿತ್ರಕ್ಕೆ ಹಬೋಕು ಎಂಬ ಹೆಸರೇ ನಿಂತಿದ್ದರೂ ಅದರಲ್ಲಿ ಎರಡೂ ಇವೆ. ಅಭ್ಯಾಸಕ್ಕೆ ನಾನು ಶಿಫಾರಸು ಮಾಡುವುದು ಒಡೆಯುವುದನ್ನು. ಎರಚಿದಾಗ ಎಲ್ಲವೂ ಒಂದೇ ಕ್ಷಣದಲ್ಲಿ ಮುಗಿದುಹೋಗುತ್ತದೆ; ಒಡೆಯುವಾಗ ಎಲ್ಲಿ ಬಿಡಬೇಕು, ಕಾಗದ ಎಷ್ಟು ಆರಿದಾಗ ಬಿಡಬೇಕು ಎಂಬ ಎರಡು ತೀರ್ಮಾನಗಳು ನಿಮ್ಮವು, ಹರಿಯುವುದು ಹೇಗೆಂಬುದು ಮಾತ್ರ ನೀರಿನದು.

ಕ್ರಮವೇನಾದರೂ ಇದೆಯೇ ಎಂದು ಕೇಳಿದ್ದೀರಿ. ಇದನ್ನು ನಿಜವಾಗಿಯೂ ಕ್ರಮವಾಗಿ ಬರೆದವನು ಇಂಗ್ಲೆಂಡಿನ ಅಲೆಕ್ಸಾಂಡರ್ ಕಝೆನ್ಸ್. ರಷ್ಯಾದಲ್ಲಿ ಹುಟ್ಟಿ, ಈಟನ್ ಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತಿದ್ದ ಇವನು ಸಾಯುವುದಕ್ಕೆ ಸ್ವಲ್ಪ ಮೊದಲು, 1785-86ರ ಹೊತ್ತಿಗೆ, ಮಸಿಯ ಕಲೆಗಳಿಂದ ನಿಸರ್ಗಚಿತ್ರದ ಸಂಯೋಜನೆಯನ್ನು ಹುಟ್ಟಿಸುವ ವಿಧಾನದ ಪುಸ್ತಕ ಪ್ರಕಟಿಸಿದ. ಕಾಗದವನ್ನು ಮುದುಡಿ ಬಿಡಿಸಿಕೊಳ್ಳಬೇಕು. ಯಾವ ಬಗೆಯ ದೃಶ್ಯವೆಂಬುದನ್ನು ಮನಸ್ಸಿನಲ್ಲಿ ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಆಮೇಲೆ ದೊಡ್ಡ ಕುಂಚದಿಂದ ಅತ್ಯಂತ ವೇಗವಾಗಿ ಬಗೆಬಗೆಯ ಗುರುತುಗಳನ್ನು ಮಾಡಬೇಕು. ಹೀಗೆ ಹಲವು ಕಲೆಗಳನ್ನು ಮಾಡಿಕೊಂಡು, ಒಂದನ್ನು ಆರಿಸಿ, ಅದರ ಮೇಲೆ ಪಾರದರ್ಶಕ ಕಾಗದವಿಟ್ಟು ಚಿತ್ರವನ್ನು ಬಿಡಿಸಬೇಕು. ಕಲೆ ಸೂಚಿಸದ ಏನನ್ನೂ ಸೇರಿಸಕೂಡದು, ಅಸಹಜವೆನಿಸಿದ್ದನ್ನು ಬಿಡಬೇಕು. ಅವನ ಕಾಲದವರು ನಕ್ಕರು. ಎಡ್ವರ್ಡ್ ಡೇಸ್ ಎಂಬ ಚಿತ್ರಕಾರ ಅವನನ್ನು ಊರಿನ ಮಸಿಕಲೆಗಳ ಮಹಾದಂಡನಾಯಕ ಎಂಬರ್ಥದಲ್ಲಿ ಗೇಲಿ ಮಾಡಿದ. ನಕ್ಕವರು ಓದದೆ ಬಿಟ್ಟದ್ದು ‘ಮನಸ್ಸಿನಲ್ಲಿ ಗಟ್ಟಿಯಾಗಿ ಹಿಡಿದು’ ಎಂಬ ಷರತ್ತನ್ನು. ಕಝೆನ್ಸ್‌ಗೆ ಬೇಕಾಗಿದ್ದದ್ದು ಪೂರ್ತಿ ಕುರುಡು ಆಕಸ್ಮಿಕವಲ್ಲ. ಒಟ್ಟು ರೂಪ ತನ್ನದು, ವಿವರ ಮಸಿಯದು ಎಂಬ ಒಪ್ಪಂದ.

ನಿಮ್ಮ ಮೂವತ್ತು ಹಾಳೆಗಳ ಪ್ರಯೋಜನ ಇಲ್ಲಿದೆ. ಅವುಗಳನ್ನು ಹೊರತೆಗೆದು, ಒಂದೊಂದನ್ನೂ ನಾಲ್ಕೂ ದಿಕ್ಕಿಗೆ ತಿರುಗಿಸಿ ಗೋಡೆಗೆ ಒರಗಿಸಿ ನೋಡಿ. ನೀವು ಬಯಸಿದ್ದ ಗುಡ್ಡವನ್ನು ಮರೆಯುವಷ್ಟು ದಿನ ಕಳೆದಿರುವುದರಿಂದ ಈಗ ಅಲ್ಲಿ ಬೇರೇನಾದರೂ ಕಾಣಬಹುದು. ಮೇಲೆ ಟ್ರೇಸಿಂಗ್ ಹಾಳೆಯಿಟ್ಟು ಪೆನ್ಸಿಲಿನಿಂದ ಮೂರೇ ಗುರುತು ಮಾಡಿ: ನೀರಿನ ಮಟ್ಟ ಎಲ್ಲಿ, ನೋಡುವವನು ನಿಂತಿರುವುದೆಲ್ಲಿ, ಹತ್ತಿರದ ವಸ್ತು ಯಾವುದು. ಮೂರಕ್ಕೂ ಉತ್ತರ ಕೊಡುವ ಹಾಳೆಯ ಮೇಲೆ ಕುಂಚ ಹಿಡಿಯಬಹುದು. ಮೂವತ್ತರಲ್ಲಿ ಎರಡು ಸಿಕ್ಕರೂ ಅದು ಒಳ್ಳೆಯ ಫಸಲು.

ಹೊಸ ಹಾಳೆಗಳ ಮೇಲೆ ಉಪ್ಪು ಉದುರಿಸುವುದು, ಪ್ಲಾಸ್ಟಿಕ್ ಹಾಳೆ ಹೊದಿಸಿ ಒಣಗಿಸುವುದು ಮುಂತಾದ ಉಪಾಯಗಳ ಬಗ್ಗೆ ನನಗೆ ಅಷ್ಟು ಆದರವಿಲ್ಲ. ನಾನೂ ಒಂದು ವರ್ಷ ಉಪ್ಪಿನ ಮೋಹದಲ್ಲಿದ್ದೆ. ಉಪ್ಪು ಪ್ರತಿ ಸಲವೂ ಅದೇ ನಕ್ಷತ್ರದಂತಹ ಹೂವನ್ನೇ ಅರಳಿಸುತ್ತದೆ. ಹತ್ತನೆಯ ಚಿತ್ರದ ಹೊತ್ತಿಗೆ ನೋಡುವವರಿಗೆ ಹಿಮ ಕಾಣುವುದಿಲ್ಲ, ಉಪ್ಪೇ ಕಾಣುತ್ತದೆ. ಉಪಾಯ ತಾನೇ ಕೆಟ್ಟದ್ದಲ್ಲ. ಸುಝೌನಲ್ಲಿ ಹುಟ್ಟಿ 1949ರಿಂದ ನ್ಯೂಯಾರ್ಕಿನಲ್ಲಿ ನೆಲೆಸಿದ ಚಿತ್ರಕಾರ ವಾಂಗ್ ಜಿಚಿಯಾನ್ ಮುದುಡಿದ ಕಾಗದಕ್ಕೆ ಮಸಿ ಹಚ್ಚಿ ಒತ್ತಿ, ಮೂಡಿದ ಗೀರುಗಳನ್ನೇ ಬಂಡೆಗಳ ಮೈಯಾಗಿ ಬಳಸಿಕೊಂಡ. ಆದರೆ ಅವನು ಹಳೆಯ ಚೀನೀ ಚಿತ್ರಗಳನ್ನು ದಶಕಗಳ ಕಾಲ ಸಂಗ್ರಹಿಸಿ ಅಭ್ಯಾಸ ಮಾಡಿದವನು; ಬಂಡೆಯ ಮೈಗೆ ಹಿಂದಿನವರು ಬಳಸಿದ ಗೆರೆಗಳೆಲ್ಲ ಅವನ ಕಣ್ಣಲ್ಲಿದ್ದವು, ಮುದುಡಿದ ಕಾಗದದಲ್ಲಿ ಅವನು ಗುರುತಿಸಿದ್ದು ಅವನ್ನೇ. ಇಪ್ಪತ್ತನೆಯ ಶತಮಾನದ ಇನ್ನೊಬ್ಬ ಚೀನೀ ಚಿತ್ರಕಾರ ಝಾಂಗ್ ದಾಚಿಯಾನ್ ಕೂಡ ಅಷ್ಟೇ. 1940ರ ದಶಕದ ಆರಂಭದಲ್ಲಿ ಚೀನಾದ ದುನ್‌ಹುವಾಂಗ್ ಗುಹೆಗಳ ಭಿತ್ತಿಚಿತ್ರಗಳನ್ನು ವರ್ಷಗಟ್ಟಲೆ ಕುಳಿತು ನಕಲು ಮಾಡಿದ್ದ ಅವನು, 1950ರ ದಶಕದ ಕೊನೆಗೆ ಕಣ್ಣಿನ ತೊಂದರೆಯಿಂದ ಸೂಕ್ಷ್ಮ ಗೆರೆ ಕಷ್ಟವಾದ ಮೇಲೆ ಮಸಿಯನ್ನೂ ಬಣ್ಣವನ್ನೂ ಸುರಿಯುವ ಕಡೆಗೆ ತಿರುಗಿದ. ಆ ಸುರಿದ ನೀಲಿ-ಹಸಿರಿನ ಮೂಲೆಯಲ್ಲಿ ಒಂದು ಪುಟ್ಟ ಮನೆಯನ್ನು ಎಲ್ಲಿಡಬೇಕೆಂಬುದು ಅವನಿಗೆ ತಿಳಿದಿತ್ತು.

ನಮ್ಮ ಕಡೆಯ ಒಂದು ಎಳೆಯೂ ಇದರೊಂದಿಗೆ ಸೇರುತ್ತದೆ. 1903ರಲ್ಲಿ ಕಲ್ಕತ್ತೆಗೆ ಬಂದಿದ್ದ ಜಪಾನೀ ಚಿತ್ರಕಾರ ಯೊಕೊಯಾಮಾ ತೈಕಾನ್ ಕೆಲಸ ಮಾಡುವುದನ್ನು ನೋಡಿದ ಬಂಗಾಳದ ಚಿತ್ರಕಾರ ಅವನೀಂದ್ರನಾಥ ಠಾಕೂರರು ಚಿತ್ರವನ್ನೇ ನೀರಿನಲ್ಲಿ ಅದ್ದಿ ತೆಗೆಯುವ ವಾಶ್ ಪದ್ಧತಿಯನ್ನು ರೂಢಿಸಿಕೊಂಡರು. ಅವರ ಶಿಷ್ಯರಾಗಿದ್ದ ಮೈಸೂರಿನ ಕೆ. ವೆಂಕಟಪ್ಪನವರು ಊಟಿ, ಕೊಡೈಕನಾಲಿನ ದೃಶ್ಯಗಳನ್ನು ಜಲವರ್ಣದಲ್ಲಿ ಬರೆದಿದ್ದಾರೆ. ವೆಂಕಟಪ್ಪನವರದು ಆಕಸ್ಮಿಕಕ್ಕೆ ಕಿಂಚಿತ್ತೂ ಜಾಗ ಬಿಡದ, ಅತ್ಯಂತ ನಿಷ್ಠುರವಾದ ಕೈ. ಆದರೂ ಬೆಂಗಳೂರಿಗೆ ಹೋದಾಗ ಕಸ್ತೂರಬಾ ರಸ್ತೆಯ ವೆಂಕಟಪ್ಪ ಆರ್ಟ್ ಗ್ಯಾಲರಿಯಲ್ಲಿ ಅವುಗಳನ್ನು ನೋಡುವ ಅವಕಾಶ ಸಿಕ್ಕರೆ ಬಿಡಬೇಡಿ. ಬೆಟ್ಟದ ದೂರ-ಹತ್ತಿರಗಳನ್ನು ಕಣ್ಣು ಮೊದಲೇ ಕಲಿತಿರಬೇಕು. ಮಸಿ ಚೆಲ್ಲಿದ ಮೇಲೆ ಕಲಿಯಲು ಹೊರಟರೆ ಹಸಿ ಕಾಗದ ಅಷ್ಟು ಹೊತ್ತು ಕಾಯುವುದಿಲ್ಲ.

ಇನ್ನು ಸುಕ್ಕಿನ ವಿಚಾರ. ತೆಳು ಕಾಗದ ಒದ್ದೆಯಾಗಿ ಒಣಗಿದಾಗ ಸುಕ್ಕುಗಟ್ಟುವುದು ಸಹಜ, ಹಿಂಬದಿಗೆ ಇನ್ನೊಂದು ಹಾಳೆ ಅಂಟಿಸಿದರೆ ಪೂರ್ತಿ ಹೋಗುತ್ತದೆ. ಇಸ್ತ್ರಿ ಮಾಡಬೇಡಿ. ಮೊದಲು ಅದೇ ಮಸಿಯಿಂದ, ಅದೇ ಬಗೆಯ ಕಾಗದದ ತುಂಡಿನ ಮೇಲೆ ಗೆರೆ ಎಳೆದು, ಕೆಲವು ದಿನ ಒಣಗಲು ಬಿಟ್ಟು, ನೀರು ಸಿಂಪಡಿಸಿ ನೋಡಿ. ಕಡ್ಡಿಯಿಂದ ತೇಯ್ದ ಮಸಿ ಸಾಮಾನ್ಯವಾಗಿ ಕದಲುವುದಿಲ್ಲ, ಬಾಟಲಿಯ ಮಸಿಗಳಲ್ಲಿ ಕೆಲವು ಮತ್ತೆ ಹರಿಯುತ್ತವೆ. ಹರಿದರೆ ಈ ಕೆಲಸವನ್ನು ಅನುಭವಿಗಳಿಗೆ ಒಪ್ಪಿಸಿ. ಹರಿಯದಿದ್ದರೆ ಚಿತ್ರವನ್ನು ನುಣುಪಾದ ಮೇಜಿನ ಮೇಲೆ ಬೋರಲಾಗಿ ಹಾಸಿ, ಹಿಂಬದಿಗೆ ನೀರು ಸಿಂಪಡಿಸಿ ಅಗಲ ಕುಂಚದಿಂದ ನಡುವಿನಿಂದ ಅಂಚಿಗೆ ಸವರುತ್ತ ಸುಕ್ಕು ಬಿಡಿಸಿ. ಗೋಧಿ ಪಿಷ್ಟದ ತೆಳುವಾದ ಸರಿಯನ್ನು (ಅಂಟುಗಂಜಿಯನ್ನು) ಹಚ್ಚಿ, ನಾಲ್ಕು ಕಡೆಯೂ ಎರಡಂಗುಲ ಹೆಚ್ಚಿರುವ ಇನ್ನೊಂದು ಹಾಳೆಯನ್ನು ಅದರ ಮೇಲೆ ಕೂರಿಸಿ. ಆ ಹೆಚ್ಚಿನ ಅಂಚಿಗೆ ಮಾತ್ರ ಮತ್ತೆ ಸರಿ ಹಚ್ಚಿ, ಎರಡನ್ನೂ ಒಟ್ಟಿಗೆ ಎತ್ತಿ, ಚಿತ್ರದ ಮುಖ ಹೊರಗಿರುವಂತೆ ನಯವಾದ ಹಲಗೆಗೆ ಅಂಟಿಸಿ ನೆರಳಿನಲ್ಲಿ ಬಿಡಿ. ಒಣಗುತ್ತ ಕಾಗದ ತಾನೇ ಬಿಗಿದುಕೊಂಡು ಸಮತಟ್ಟಾಗುತ್ತದೆ. ಮಳೆಗಾಲದಲ್ಲಿ ಒಣಗುವುದು ನಿಧಾನ, ಬೂಸಲು ಹಿಡಿಯುವ ಭಯವೂ ಇದೆ; ಚಳಿಗಾಲ ಬರುವವರೆಗೆ ಕಾಯುವುದು ಒಳ್ಳೆಯದು. ಮೊದಲ ಸಲ ಕೈಯಿಡುವುದಾದರೆ ಆ ಮೂವತ್ತರಲ್ಲಿ ಒಂದರ ಮೇಲೆ ಪ್ರಯೋಗ ಮಾಡಿ.